ಹೊಡದಿಲ್ರಿ, ತಿದ್ದೇನಿ

ಅಕ್ಕ ನರಗುಂದದಿಂದ ಬಂದ ದಿನ ಅವಳ ಕೈಯಲ್ಲಿ ಗಂಟು ಇರಲಿಲ್ಲ. ತವರಿಗೆ ಬರುವ ಹೆಣ್ಣುಮಗಳು ಒಂದು ಸೀರೆ, ಒಂದು ಕುಪ್ಪಸವನ್ನಾದರೂ ಗಂಟು ಕಟ್ಟಿಕೊಂಡು ಬರುತ್ತಾಳೆ. ನನಗೆ ಆಗ ಹತ್ತು ವರ್ಷ. ಸೆರಗಿನಲ್ಲಿ ತಿನ್ನುವುದಕ್ಕೆ ಏನಾದರೂ ಮುಚ್ಚಿಟ್ಟುಕೊಂಡಿರಬೇಕು ಎಂದು ಹಿಂದಿನಿಂದ ಹೋಗಿ ಅವಳ ಬೆನ್ನಿಗೆ ಜೋತುಬಿದ್ದೆ. ಬೆಂಕಿ ತಗುಲಿದವಳಂತೆ ಅವಳು ನನ್ನನ್ನು ಕೊಡವಿ ಮುಂದಕ್ಕೆ ಹಾರಿದಳು. ಆಮೇಲೆ ತಿರುಗಿ ನಕ್ಕಳು. ಆ ನಗು ನನಗೆ ಸೇರಲಿಲ್ಲ.

ಇದು ಗಜೇಂದ್ರಗಡದ ಮಾತು, ನಮ್ಮ ಊರು ಇನ್ನೂ ಮುಂಬಯಿ ಸರಕಾರದಲ್ಲಿದ್ದ ಕಾಲದ್ದು. ನೇಕಾರರ ಓಣಿಯಲ್ಲಿ ನಮ್ಮವು ಆರೋ ಏಳೋ ಕಿರಸ್ತಾನರ ಮನೆ. ಓಣಿಯವರು ನಮ್ಮನ್ನು ‘ಪ್ರಾರ್ಥನಿ ಮಂದಿ’ ಎನ್ನುತ್ತಿದ್ದರು. ಅವರೂ ಸೀರೆ ನೇಯುತ್ತಿದ್ದರು, ನಾವೂ ಸೀರೆ ನೇಯುತ್ತಿದ್ದೆವು. ಭಾನುವಾರ ಅವರ ಮನೆಯ ಮಗ್ಗ ಟಕ್ ಟಕ್ ಎನ್ನುತ್ತಿತ್ತು, ನಮ್ಮದು ಸುಮ್ಮನಿರುತ್ತಿತ್ತು. ವ್ಯತ್ಯಾಸ ಎಂದರೆ ಅಷ್ಟೇ.

ಅಪ್ಪ ಮಾತಿನವನಲ್ಲ. ಬೆಳಗಾದರೆ ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕುಳಿತನೆಂದರೆ ಊಟಕ್ಕೆ ಏಳುತ್ತಿದ್ದ. ಮಾತೆಲ್ಲ ದೊಡ್ಡಪ್ಪನದು. ಅಪ್ಪನ ಅಣ್ಣ ಅವನು, ನಮ್ಮ ಸಭೆಗೆ ಹಿರಿಯ. ಪ್ರಾರ್ಥನೆಯ ಮನೆಯ ಕೀಲಿಕೈ ಅವನ ಉಡದಾರದಲ್ಲಿ ಇರುತ್ತಿತ್ತು. ಉಪದೇಶ ಮಾಡುವ ಅಯ್ಯನವರು ರೋಣದಿಂದ ಎರಡು ವಾರಕ್ಕೊಮ್ಮೆ ಸೈಕಲ್ ತುಳಿದುಕೊಂಡು ಬರುತ್ತಿದ್ದರು. ಅವರು ಬಾರದ ಭಾನುವಾರ ದೊಡ್ಡಪ್ಪನೇ ಉಪದೇಶ ಮಾಡುತ್ತಿದ್ದ, ಕೆಂಪು ರುಮಾಲು ಸುತ್ತಿಕೊಂಡು. ಅವನ ಪ್ರಾರ್ಥನೆ ಎಷ್ಟು ಉದ್ದ ಎಂದರೆ, ಕಣ್ಣು ಮುಚ್ಚಿದಾಗ ನನ್ನ ಮುಂದೆ ಇದ್ದ ಮುದುಕಿ ಕಣ್ಣು ಬಿಡುವಷ್ಟರಲ್ಲಿ ನನ್ನ ತೊಡೆಯ ಮೇಲೆ ಮಲಗಿರುತ್ತಿದ್ದಳು.

ಅಕ್ಕ ನನಗಿಂತ ಎಂಟು ವರ್ಷ ದೊಡ್ಡವಳು. ಮದುವೆಯಾಗಿ ಒಂದೂವರೆ ವರ್ಷವಾಗಿತ್ತು. ಭಾವ ನರಗುಂದದಲ್ಲಿ ಸಾಲೆಯ ಮಾಸ್ತರ. ಅಕ್ಷರ ಮುತ್ತು ಪೋಣಿಸಿದ ಹಾಗೆ. ದನಿ ಎತ್ತಿ ಮಾತಾಡಿದ್ದನ್ನು ಯಾರೂ ಕೇಳಿರಲಿಲ್ಲ. ಸರಕಾರ ಶೆರೆ ಬಂದ್ ಮಾಡಿದ್ದರೂ ಗಂಡಸರು ಹೊಲದ ಬದುವಿನಲ್ಲಿ ಕೂತು ಕದ್ದು ಕುಡಿಯುತ್ತಿದ್ದ ಆ ದಿನಗಳಲ್ಲಿ ಅವನು ಚಹಾ ಕೂಡ ಅರ್ಧ ಕಪ್ಪು ಕುಡಿಯುತ್ತಿದ್ದ. ಕುಡಿಯುವವನು ಹೊಡೆಯುತ್ತಾನೆ, ಕುಡಿಯದವನು ಹೊಡೆಯುವುದಿಲ್ಲ. ಗಂಡುಗಳನ್ನು ಆರಿಸುವುದಕ್ಕೆ ನಮ್ಮ ಅವ್ವಂದಿರಿಗೆ ಗೊತ್ತಿದ್ದ ಪರೀಕ್ಷೆ ಅದೊಂದೇ. ಹೀಗಾಗಿ ಓಣಿಯ ಎಲ್ಲ ತಾಯಂದಿರೂ ನಮ್ಮ ಅವ್ವನ ಮೇಲೆ ಹೊಟ್ಟೆಕಿಚ್ಚು ಪಟ್ಟಿದ್ದರು.

ಮರುದಿನ ಅವ್ವ ಅಕ್ಕನಿಗೆ ಎಣ್ಣೆ ಹಚ್ಚಿ ಎರೆಯಲು ಕೂರಿಸಿದಳು. ಸೀಗೆಕಾಯಿಯ ಬಟ್ಟಲು ಹಿಡಿದು ನಾನು ಪಕ್ಕದಲ್ಲಿ ನಿಂತಿದ್ದೆ. ಅಕ್ಕ ಕುಪ್ಪಸ ಬಿಚ್ಚಲು ಒಲ್ಲೆ ಎಂದಳು. ಅವ್ವ ಬಿಡಲಿಲ್ಲ.

ಬೆನ್ನ ಮೇಲೆ ಬಾಸುಂಡೆ ಎದ್ದಿದ್ದವು. ಹೊಡೆತ ತಿಂದ ಹೆಂಗಸರನ್ನು ನಾನು ನೋಡಿರಲಿಲ್ಲವೆಂದಲ್ಲ. ಆ ಗುರುತುಗಳು ಎಲ್ಲೆಂದರಲ್ಲಿ, ಹೇಗೆಂದರೆ ಹಾಗೆ ಇರುತ್ತವೆ. ಇವು ಹಾಗಿರಲಿಲ್ಲ. ಒಂದರ ಕೆಳಗೆ ಒಂದು, ಒಂದೇ ಉದ್ದ, ನಡುವೆ ಒಂದೇ ಅಂತರ. ಕಾಪಿ ಬರೆಯುವ ಪುಸ್ತಕದಲ್ಲಿ ಗೆರೆ ಇರುತ್ತವಲ್ಲ, ಹಾಗೆ. ಅವ್ವನ ಕೈ ಎಣ್ಣೆಯಲ್ಲಿಯೇ ನಿಂತಿತು. ಯಾತರಿಂದ ಎಂದು ಕೇಳಿದಳು. ಗೆರೆ ಎಳೆಯುವ ಫೂಟಪಟ್ಟಿಯಿಂದ ಎಂದಳು ಅಕ್ಕ.

ಬಿಸಿನೀರು ಆರುವವರೆಗೆ ಅವಳು ಹೇಳಿದ್ದು ಇಷ್ಟು. ಸಂಜೆಯ ಪ್ರಾರ್ಥನೆ ಮುಗಿದ ಮೇಲೆ ಅವನು ವೇದಪುಸ್ತಕ ಮುಚ್ಚಿ, ಅದನ್ನು ಗೂಡಿನಲ್ಲಿಟ್ಟು, ಅಂಗಿಯ ತೋಳು ಮಡಚುತ್ತಿದ್ದ. ಆ ದಿನ ಅವಳು ಮಾಡಿದ ತಪ್ಪು ಏನು ಎಂದು ಹೇಳುತ್ತಿದ್ದ. ಉಪ್ಪು ಹೆಚ್ಚಾದದ್ದು, ಪಕ್ಕದ ಮನೆಯವಳ ಸಂಗಡ ಜೋರಾಗಿ ನಕ್ಕದ್ದು, ಕರೆದಾಗ ಕೂಡಲೇ ಓ ಎನ್ನದಿದ್ದದ್ದು. ತಪ್ಪು ಹೌದೋ ಅಲ್ಲವೋ ಎಂದು ಕೇಳುತ್ತಿದ್ದ. ಹೌದು ಎನ್ನಬೇಕು. ಆಮೇಲೆ ತಿದ್ದುತ್ತಿದ್ದ. ಅದಕ್ಕೆ ಅವನು ಇಟ್ಟ ಹೆಸರು ಅದು, ತಿದ್ದುವುದು. ಮುಗಿದ ಮೇಲೆ ತಾನೇ ಕೊಬ್ಬರಿ ಎಣ್ಣೆ ಹಚ್ಚುತ್ತಿದ್ದ. ಮೊನ್ನೆ ಅಕ್ಕ ಮೊದಲ ಸಲ ‘ಅಲ್ಲ’ ಎಂದಿದ್ದಳು. ಅವನು ಸಿಟ್ಟಾಗಲಿಲ್ಲ. ಪಟ್ಟಿಯನ್ನು ಬೆಳಕಿಗೆ ಹಿಡಿದು ನೋಡಿ, ಇನ್ನು ಇದು ಸಾಲುವುದಿಲ್ಲ ಅನಿಸುತ್ತದೆ ಎಂದ. ಮರುದಿನ ಅವನು ಸಾಲೆಗೆ ಹೋದಾಗ ಅಕ್ಕ ಉಟ್ಟ ಸೀರೆಯಲ್ಲೇ ಬಂದು ಬಸ್ಸು ಹತ್ತಿದಳು.

ನಾನು ಈಗ ಇದನ್ನು ಬರೆಯುತ್ತಿರುವ ಫೋನೂ ತಿದ್ದುತ್ತದೆ ಎಂಬುದನ್ನು ಇಲ್ಲಿ ಹೇಳಿಬಿಡುತ್ತೇನೆ. ನಾನು ಒಂದೇ ಬೆರಳಿನಿಂದ ಒಂದು ಅಕ್ಷರ ಒತ್ತಿದರೆ ತಾನು ಬೇರೊಂದು ಶಬ್ದ ಬರೆಯುತ್ತದೆ, ನನ್ನನ್ನು ಕೇಳದೆ. ಮೊಮ್ಮಗಳಿಗೆ ಹೇಳಿ ಅದರ ಆ ಗುಣವನ್ನು ಮೊದಲು ಬಿಡಿಸಿದೆ, ಆಮೇಲೆ ಬರೆಯಲು ಕೂತೆ.

ದೊಡ್ಡಪ್ಪ ಬಂದ. ಕೇಳಿದ. ಮೀಸೆ ಸವರಿಕೊಂಡ. ಹೊಡೆದದ್ದು ಚಲೋ ಅಲ್ಲ ಎಂದು ಒಪ್ಪಿದ. ಆದರೆ ಗಂಡನು ಹೆಂಡತಿಗೆ ತಲೆ ಎಂದು ದೇವರ ವಾಕ್ಯವಿದೆ, ತಲೆಯನ್ನು ಬಿಟ್ಟು ದೇಹ ಎಷ್ಟು ದಿನ ಇರುತ್ತದೆ ಎಂದು ಅವ್ವನನ್ನು ಕೇಳಿದ. ಹುಡುಗಿಯನ್ನು ಕಳಿಸಿಕೊಡಬೇಕು, ತಡ ಮಾಡಿದಷ್ಟೂ ಊರವರ ಬಾಯಿಗೆ ಬೀಳುತ್ತೇವೆ. ಇರುವುದು ಏಳು ಮನೆ, ನಮ್ಮಲ್ಲಿ ಗಂಡ ಬಿಟ್ಟವಳು ಒಬ್ಬಳು ಎಂದಾದರೆ ಉಳಿದ ಹುಡುಗಿಯರನ್ನು ಯಾರು ಕೇಳುತ್ತಾರೆ? ಹಾಗೆನ್ನುವಾಗ ಅವನು ನನ್ನ ಕಡೆ ನೋಡಿದ. ನಾನು ನಾಲಿಗೆ ಚಾಚಬೇಕೆಂದಿದ್ದೆ. ಅವ್ವ ಅದನ್ನು ಮೊದಲೇ ತಿಳಿದು ನನ್ನ ತಲೆ ಒತ್ತಿ ಕೆಳಗೆ ಮಾಡಿದಳು. ಅಯ್ಯನವರು ಬರುವ ಭಾನುವಾರದವರೆಗೆ ಕಾಯೋಣ ಎಂದು ಅವಳು ಬೇಡಿಕೊಂಡಳು. ದೊಡ್ಡಪ್ಪ ಒಪ್ಪಿದ. ಅಯ್ಯನವರು ಬೇರೆ ಏನು ಹೇಳಿಯಾರು ಎಂಬುದು ಅವನ ಧೈರ್ಯ.

ಗುರುವಾರ ಮಧ್ಯಾಹ್ನದ ಬಸ್ಸಿಗೆ ಭಾವ ಬಂದ, ರಜೆ ಹಾಕಿ. ಬಿಳಿ ಅಂಗಿ, ಕೈಯಲ್ಲಿ ಬುಂದೆ ಲಾಡುವಿನ ಪುಡಿಕೆ. ಕಾಲಿಗೆ ನೀರು ಕೊಟ್ಟರೆ ತೊಳೆದುಕೊಂಡ. ಅಪ್ಪನನ್ನು, ಅವ್ವನನ್ನು ಆರೋಗ್ಯ ಕೇಳಿದ. ಅಕ್ಕ ಒಳಗಿನ ಕೋಣೆಯಲ್ಲಿ ಇದ್ದಳು. ಅವಳನ್ನು ಕೇಳಲಿಲ್ಲ. ಆ ಕೋಣೆಯ ಬಾಗಿಲನ್ನು ಮಾತ್ರ ನೋಡುತ್ತಿದ್ದ, ಒಲೆಯ ಮೇಲೆ ಹಾಲು ಇಟ್ಟವರು ನೋಡುವ ಹಾಗೆ.

ಮಲಗುವುದು ದೊಡ್ಡಪ್ಪನ ಮನೆಯಲ್ಲಿ, ಹೊತ್ತು ಕಳೆಯುವುದು ನಮ್ಮ ಪಡಸಾಲೆಯಲ್ಲಿ. ಮೂರು ದಿನ ಹೀಗೆಯೇ. ಬಂದು ಕೂರುತ್ತಿದ್ದ, ಏನೂ ಕೇಳುತ್ತಿರಲಿಲ್ಲ. ಅವ್ವನಿಗೆ ರೊಟ್ಟಿ ಬಡಿಯುವಾಗ ಕೈ ತಪ್ಪುತ್ತಿತ್ತು. ಅಪ್ಪನ ಮಗ್ಗದ ಸಪ್ಪಳ ನಡುನಡುವೆ ನಿಂತು ಮತ್ತೆ ಸುರುವಾಗುತ್ತಿತ್ತು. ಲಾಡು ಪುಡಿಕೆಯಲ್ಲೇ ಇತ್ತು. ನಾನು ಕದ್ದು ಒಂದು ತಿಂದೆ. ಚಲೋ ಇತ್ತು. ಅದೇ ನನಗೆ ಹೆದರಿಕೆ ಹುಟ್ಟಿಸಿತು.

ಶನಿವಾರ ಸಂಜೆ ನಾನು ಪಾಟಿಯ ಮೇಲೆ ಬರೆಯುತ್ತಾ ಕುಳಿತಿದ್ದೆ. ಅವನು ಬಂದು ಪಕ್ಕದಲ್ಲಿ ಕೂತ. ನನ್ನ ಅಕ್ಷರದ ಹೊಟ್ಟೆ ದೊಡ್ಡದಾಗಿದೆ, ತಿದ್ದಬೇಕು ಎಂದು ನನ್ನ ಮುಂಗೈ ಹಿಡಿದ. ಬಳಪ ನನ್ನ ಕೈಯಲ್ಲಿ, ನನ್ನ ಕೈ ಅವನ ಕೈಯಲ್ಲಿ. ಬರೆಸಿದ, ಒರೆಸಿದ, ‘ಮತ್ತ’ ಎಂದ. ಮತ್ತೆ ಬರೆಸಿದ. ಎಷ್ಟು ಸಲವೋ. ಮುಂಗೈ ನೋಯತೊಡಗಿತು. ಜಗ್ಗಿ ನೋಡಿದೆ. ಅವನ ಹಿಡಿತ ಬಿಗಿಯೂ ಆಗಲಿಲ್ಲ, ಸಡಿಲವೂ ಆಗಲಿಲ್ಲ. ನನ್ನ ಬಾಯಿ ಮೊದಲಿನಿಂದಲೂ ಕೆಟ್ಟದ್ದು.

‘ಭಾವಾ, ನೀವು ತಪ್ಪಿದ್ರ ನಿಮ್ಮನ್ನ ಯಾರ ತಿದ್ದತಾರ್ರಿ?’

‘ದೇವರು.’

‘ಫೂಟಪಟ್ಟಿಲೇನ್ರಿ?’

ಮಗ್ಗ ನಿಂತಿತು. ಭಾವ ನನ್ನನ್ನು ಸಾವಕಾಶವಾಗಿ ನೋಡಿದ, ಓದುವ ಹಾಗೆ. ಆಮೇಲೆ ಕೈ ಬಿಟ್ಟು ನಕ್ಕ. ‘ಭಾಳ ಶಾಣ್ಯಾಕಿ ಇದ್ದಿ. ನಿನ್ನನ್ನೂ ಯಾರರೆ ತಿದ್ದಬೇಕಾಗ್ತದ.’

ಅಪ್ಪ ಕುಣಿಯಿಂದ ಎದ್ದು ಬಂದ. ನನ್ನ ಪಾಟಿಯನ್ನು ಎತ್ತಿಕೊಂಡು, ನನ್ನನ್ನು ಒಳಗೆ ಕರೆದುಕೊಂಡು ಹೋಗಿ ಅಕ್ಕನ ಪಕ್ಕದಲ್ಲಿ ಕೂರಿಸಿದ. ಹೊರಗೆ ಹೋಗಿ ಕೋಣೆಯ ಬಾಗಿಲು ಎಳೆದುಕೊಂಡು, ಮುಚ್ಚಿದೆಯೋ ಇಲ್ಲವೋ ಎಂದು ಮತ್ತೊಮ್ಮೆ ತಳ್ಳಿ ನೋಡಿದ. ಅಪ್ಪನಿಗೆ ಹೆದರಿಕೆಯಾಗಿದೆ ಎಂದು ನನಗೆ ತಿಳಿಯಿತು. ಅಪ್ಪಂದಿರಿಗೂ ಹೆದರಿಕೆಯಾಗುತ್ತದೆ ಎಂಬುದು ನನಗೆ ಹೊಸ ಸಂಗತಿ.

ಭಾನುವಾರ ಆರಾಧನೆ ಮುಗಿದ ಮೇಲೆ ಯಾರೂ ಏಳಲಿಲ್ಲ. ಗಂಡಸರು ಬಲಕ್ಕೆ, ಹೆಂಗಸರು ಎಡಕ್ಕೆ ಚಾಪೆಯ ಮೇಲೆ, ನಡುವೆ ಅಯ್ಯನವರ ಮೇಜು. ಅಯ್ಯನವರು ಹೊಳೆಮಣ್ಣೂರ ಕಡೆಯವರು, ಬಡಕಲು ಮನುಷ್ಯ. ಅವರನ್ನು ಈ ಊರಿಗೆ ಇಡಬೇಕೋ ಬೇಡವೋ ಎಂದು ಮೇಲಿನವರಿಗೆ ಪತ್ರ ಬರೆಯುವವನು ದೊಡ್ಡಪ್ಪ. ಅದನ್ನು ಅವರೂ ಬಲ್ಲರು. ದೊಡ್ಡಪ್ಪ ಎದ್ದು ನಿಂತು ಎಲ್ಲವನ್ನೂ ಹೇಳಿದ, ತಲೆಯ ಮಾತನ್ನು ಎರಡು ಸಲ ಹೇಳಿದ. ಭಾವನನ್ನು ಕೇಳಿದರು. ಅವನು ಕೈ ಕಟ್ಟಿಕೊಂಡು, ತಾನು ಹೊಡೆದಿಲ್ಲ, ತಿದ್ದಿದ್ದೇನೆ, ತಂದೆಯಾದವನು ತಾನು ಪ್ರೀತಿಸುವವರನ್ನೇ ಶಿಕ್ಷಿಸುವುದು ಎಂದ. ಗಂಡಸರಲ್ಲಿ ಇಬ್ಬರು ತಲೆಯಾಡಿಸಿದರು. ಅಯ್ಯನವರು ಮೇಜಿನ ಮೇಲಿನ ಬಟ್ಟೆಯನ್ನು ನೇರ ಮಾಡುತ್ತಿದ್ದರು.

ಆಗ ಅವ್ವ ಕೂತಲ್ಲಿಂದಲೇ ಬಾಯಿ ಬಿಟ್ಟಳು. ಸಭೆಯಲ್ಲಿ ಅವಳು ಹಾಡು ಬಿಟ್ಟರೆ ಮಾತಾಡಿದವಳಲ್ಲ, ಓದು ಬಾರದವಳು.

‘ಅಯ್ಯನವರ, ನಂದೊಂದು ಕೇಳೂದೈತ್ರಿ. ಗಂಡ ತಲಿ ಅಂತ ನೀವು ಓದಿದಾಗೆಲ್ಲಾ ನಾ ಒಂದು ತಿಳಕೊಂಡೇನಿ. ತಲಿ ಅಂದ್ರ ಹೊರಾಕ ಇರೂದು. ಕೊಡಾ ಹೊರೂದು ತಲಿ, ಕಟಗಿ ಹೊರಿ ಹೊರೂದು ತಲಿ. ಗಂಡ ತಲಿ ಅಂದ್ರ ಹೆಂಡ್ತಿ ಭಾರ ಅಂವಾ ಹೊರಬೇಕು ಅಂತ. ಇಪ್ಪತ್ತ ವರ್ಷ ಹಂಗ ತಿಳಕೊಂಡ ಆಮೆನ್ ಅಂದೇನಿ. ತಪ್ಪೇನ್ರಿ?’

ಗಂಡಸರು ನಕ್ಕರು. ಹೆಂಗಸರೂ ಸೆರಗು ಅಡ್ಡ ಹಿಡಿದು ನಕ್ಕರು. ತಲೆ ಎಂದರೆ ಯಜಮಾನಿಕೆ, ಕೊಡವಲ್ಲ ಎಂದು ದೊಡ್ಡಪ್ಪ ತಮ್ಮನ ಹೆಂಡತಿಗೆ ಬುದ್ಧಿ ಹೇಳಿದ. ನಮ್ಮ ಊರಲ್ಲಿ ತಲೆಯ ಮೇಲೆ ನೀರು ಹೊರುವವರು ಹೆಂಗಸರು ಮಾತ್ರ. ಗಂಡಸು ಹೊತ್ತರೆ ಹೆಗಲ ಮೇಲೆ ಅಡ್ಡೆ ಹಾಕಿ ಹೊರುತ್ತಿದ್ದ. ಇನ್ನೂ ಹೆಚ್ಚಿನ ಗಂಡಸರು ಆ ಅಡ್ಡೆಯನ್ನೂ ಹೊರದೆ ಕಟ್ಟೆಯ ಮೇಲೆ ಕೂತು ಹೊರುವವರನ್ನು ನೋಡುತ್ತಿದ್ದರು. ಹೀಗಿರುವಾಗ ಅವ್ವ ಇಪ್ಪತ್ತು ವರ್ಷ ಆ ವಾಕ್ಯವನ್ನು ಅಷ್ಟು ನಂಬಿಕೆಯಿಂದ ತಪ್ಪು ತಿಳಿದುಕೊಂಡದ್ದು ಹೇಗೆ ಎಂಬುದು ನನಗೆ ಇಂದಿಗೂ ಸೋಜಿಗ.

ಅಯ್ಯನವರು ಮಾತ್ರ ನಗಲಿಲ್ಲ. ಮೇಜಿನ ಬಟ್ಟೆಯಿಂದ ಕೈ ತೆಗೆದರು. ಆಮೇಲೆ ಸಣ್ಣ ದನಿಯಲ್ಲಿ, ‘ಯೇಸುಸ್ವಾಮಿನೂ ಸಭೆಗೆ ತಲಿನs ಅಲ್ರಿ ಹಿರಿಯಾರ. ಆ ತಲಿ ಮ್ಯಾಲ ಇದ್ದದ್ದು ರುಮಾಲ ಅಲ್ಲ, ಮುಳ್ಳು. ಈ ತಾಯಿ ತಪ್ಪ ತಿಳಕೊಂಡದ್ದು ನಾವು ಸರಿ ತಿಳಕೊಂಡದ್ದಕ್ಕಿಂತ ಅವರಿಗೆ ಹತ್ರ ಐತಿ’ ಎಂದರು.

ದೊಡ್ಡಪ್ಪನ ಕೈ ತಾನಾಗಿ ಅವನ ರುಮಾಲಿಗೆ ಹೋಯಿತು. ಮುಖ ಕೆಂಪಾಯಿತು. ಹಾಗಾದರೆ ಅಳಿಯಂದಿರ ತಲೆಯ ಮೇಲೆ ಒಂದು ಕೊಡ ಇಡೋಣವೇನು ಎಂದು ಕುಚೋದ್ಯ ಮಾಡಿದ. ಮಾತು ಅಲ್ಲಿಗೆ ನಗುವಿನಲ್ಲಿ ಮುಗಿಯಲಿ ಎಂಬುದು ಅವನ ಆಸೆ.

‘ಇಡ್ರಿ,’ ಎಂದ ಭಾವ. ‘ಹೊರತೇನಿ.’

ಎದ್ದೇಬಿಟ್ಟ. ತಲೆಯ ಮೇಲೆ ಇಡುವ ಸಿಂಬೆ ಕೊಡಿ ಎಂದು ಅವ್ವನನ್ನೇ ಕೇಳಿದ. ಅವಳು ಏಳಲಿಲ್ಲ. ಯಾರೋ ಹಳೆಯ ಬಟ್ಟೆ ಸುತ್ತಿ ಕೊಟ್ಟರು. ನಮ್ಮ ಮನೆಯ ತಾಮ್ರದ ಕೊಡ ತಂದರು. ಸಭೆ ಪೂರ್ತಿ ಹೊರಗೆ ಬಂದು ನಿಂತಿತು. ಬಾವಿ ಇದ್ದದ್ದು ಓಣಿಯ ಆ ತುದಿಗೆ. ಅವನು ಅಂಗಿಯ ತೋಳು ಮಡಚಿ ನೀರು ಸೇದಿದ, ಕಂಠದವರೆಗೆ ತುಂಬಿಸಿದ, ಯಾರ ಸಹಾಯವೂ ಇಲ್ಲದೆ ಎತ್ತಿ ಸಿಂಬೆಯ ಮೇಲೆ ಇಟ್ಟುಕೊಂಡು ಹೊರಟ. ಎರಡೂ ಕಡೆ ಮಗ್ಗಗಳು ನಿಂತವು. ನೇಕಾರರು ಬಾಗಿಲಿಗೆ ಬಂದು, ಮಾಸ್ತರರು ಸೀರೆ ಉಡುವುದೊಂದು ಬಾಕಿ ಎಂದು ಕೂಗಿದರು. ಹೆಂಗಸರು ಕಿಸಿಕಿಸಿ ನಕ್ಕರು. ಭಾವ ಯಾರ ಕಡೆಗೂ ನೋಡಲಿಲ್ಲ. ಕತ್ತು ನೆಟ್ಟಗೆ, ಮುಖದಲ್ಲಿ ಅದೇ ಸಣ್ಣ ನಗು. ಬೆಟ್ಟದ ಕಡೆಯಿಂದ ಗಾಳಿ ಬೀಸುತ್ತಿತ್ತು, ಧೂಳು ಏಳುತ್ತಿತ್ತು. ಅವನ ಹೆಜ್ಜೆ ಹೆಚ್ಚೂ ಆಗಲಿಲ್ಲ, ಕಡಿಮೆಯೂ ಆಗಲಿಲ್ಲ. ನಮ್ಮ ಮನೆಯ ಹೊಸ್ತಿಲ ಮುಂದೆ, ಅಕ್ಕ ನಿಂತ ಕಡೆಗೆ ಕೊಡ ಇಳಿಸಿದ. ‘ಸಾಕಾ?’ ಎಂದು ಮೆಲ್ಲಗೆ ಕೇಳಿದ.

ಒಬ್ಬ ಮುದುಕಿ ಅತ್ತೇಬಿಟ್ಟಳು. ಇಂಥ ಗಂಡ ಯಾರಿಗೆ ಸಿಗುತ್ತಾನೆ ಎಂದಳು. ಸುಳ್ಳು ಏಕೆ ಹೇಳಲಿ, ನಾನೂ ಸೋತೆ. ಇಷ್ಟು ಮಂದಿಯ ಮುಂದೆ ಮಾನ ಬಿಟ್ಟು ಕೊಡ ಹೊತ್ತವನು ಬದಲಾದನೆಂದೇ ತಿಳಿದು ಚಪ್ಪಾಳೆ ಹೊಡೆಯಲು ಕೈ ಎತ್ತಿದ್ದೆ. ಅಕ್ಕ ಆ ಕೈ ಹಿಡಿದಳು. ಅವಳ ಬೆರಳು ತಣ್ಣಗಿದ್ದವು.

‘ನೋಡಿದಿ?’ ಎಂದಳು, ನನಗೆ ಮಾತ್ರ ಕೇಳುವಂತೆ. ‘ಒಂದು ಹನಿ ಚೆಲ್ಲಲಿಲ್ಲ. ಹೊಡಿಯೂವಾಗೂ ಹಿಂಗs. ಉಸರು ಸೈತ ಏರೂದಿಲ್ಲ.’

ನೋಡಿದೆ. ಅವನ ಕಾಲ ಕೆಳಗಿನ ಧೂಳು ಒಣಗಿಯೇ ಇತ್ತು, ಬಾವಿಯಿಂದ ಹೊಸ್ತಿಲವರೆಗೂ. ದಿನಾಲೂ ಹೊರುವ ಅವ್ವನೇ ಅಷ್ಟು ದೂರಕ್ಕೆ ಒಂದು ಚೂರು ಹೆಗಲು ತೋಯಿಸಿಕೊಂಡು ಬರುತ್ತಿದ್ದಳು.

ಪ್ರಾರ್ಥನೆಯ ಮನೆಯೊಳಗೆ ಬಂದು ಎಲ್ಲರೂ ಮತ್ತೆ ಕೂತರು. ಎಲ್ಲರ ಮುಖ ಹಗುರವಾಗಿತ್ತು. ಅಯ್ಯನವರ ಮುಖ ಎಲ್ಲರಿಗಿಂತ ಹೆಚ್ಚು. ದೊಡ್ಡಪ್ಪ ನಾಳೆ ಮುಂಜಾನೆಯ ಮೊದಲ ಬಸ್ಸು ಎಂದು ಹೇಳಿಯೂ ಬಿಟ್ಟ. ಅಕ್ಕ ನನ್ನ ಕೈ ಬಿಟ್ಟಿರಲಿಲ್ಲ. ಅವಳು ಗೋಡೆಯ ಒಂದು ಬಿರುಕನ್ನು ನೋಡುತ್ತಿದ್ದಳು. ಮೊದಲ ಬಸ್ಸು ಹತ್ತಿದರೆ ಇವಳನ್ನು ನಾನು ಮತ್ತೆ ನೋಡುವುದಿಲ್ಲ ಎಂದು ನನಗೆ ಖಾತ್ರಿಯಾಯಿತು.

ಅಯ್ಯನವರು ಪ್ರಾರ್ಥನೆಗೆ ಎದ್ದರು. ಕಣ್ಣು ಮುಚ್ಚುವ ಮೊದಲು ಭಾವನಿಗೆ, ಒಂದು ಸಲ ಬಾಯಿಂದ ಒಪ್ಪಿಕೊಂಡುಬಿಡಿ, ಹೊಡೆದದ್ದು ತಪ್ಪಾಯಿತು ಎನ್ನಿ, ಆಮೇಲೆ ಎಲ್ಲ ಸೇರಿ ಪ್ರಾರ್ಥನೆ ಮಾಡೋಣ ಎಂದರು. ಇದು ದೊಡ್ಡ ಮಾತಾಗಿ ಅವರಿಗೆ ತೋರಿರಲಿಲ್ಲ. ಕೊಡವನ್ನೇ ಹೊತ್ತವನಿಗೆ ಇದೇನು ಭಾರ?

‘ತಿದ್ದೇನ್ರಿ,’ ಎಂದ ಭಾವ.

‘ಹೊಡದೆ ಅನ್ರಿ.’

‘ಹೊಡದಿಲ್ರಿ. ತಿದ್ದೇನಿ.’

ಮೂರನೆಯ ಸಲವೂ ಕೇಳಿದರು. ಮೂರನೆಯ ಸಲವೂ ಅದೇ ದನಿ, ಅದೇ ಮಾತು. ಬಿಡಿ ಅಯ್ಯನವರ, ಒಂದು ಶಬ್ದಕ್ಕೆ ಏಕೆ ಹಟ ಎಂದ ದೊಡ್ಡಪ್ಪ. ಅಯ್ಯನವರು ಸೋತು ಕಣ್ಣು ಮುಚ್ಚಿದರು.

ಪ್ರಾರ್ಥನೆ ಸುರುವಾಗಲಿಲ್ಲ. ಅಪ್ಪ ಎದ್ದು ನಿಂತಿದ್ದ.

‘ಈಕಿ ಹುಟ್ಟಿದ ವರ್ಷ,’ ಎಂದು ಅಕ್ಕನ ಕಡೆ ತೋರಿಸಿದ, ‘ನಾ ನನ್ನ ಹೆಂಡ್ತಿಗೆ ಹೊಡದೆ. ರೊಟ್ಟಿ ತಡಾ ಆತಂತ ಮಗ್ಗದ ಲಾಳಿ ತೊಗೊಂಡ ಹೊಡದೆ. ಅಕಿ ಹುಬ್ಬಿನ ಮ್ಯಾಲಿನ ಗಾಯದ ಕಲಿ ನಂದು. ಬಾವಿ ಕಟ್ಟಿ ಮ್ಯಾಲ ಬಿದ್ಲು ಅಂತ ಎಲ್ಲಾರಿಗೂ ಹೇಳೇನಿ. ಬಿದ್ದಿಲ್ಲ. ಹೊಡದೆ.’

ಆ ಕಲೆಯ ಮೇಲೆ ಬೆರಳಿಟ್ಟು ನಾನು ಅವ್ವನನ್ನು ಎಷ್ಟೋ ಸಲ ಕೇಳಿದ್ದೆ. ಜಾರಿಬಿದ್ದೆ ಎಂದು ಅವಳು ನಗುತ್ತಾ ಹೇಳುತ್ತಿದ್ದಳು. ಈಗ ಅವಳು ಸೆರಗನ್ನು ಹುಬ್ಬಿನ ಕೆಳಗೆ ಎಳೆದುಕೊಂಡಳು. ಅಪ್ಪನ ಮೇಲೆ ನನಗೆ ಎಷ್ಟು ಸಿಟ್ಟು ಬಂತೆಂದರೆ, ಎದ್ದು ಹೋಗಿ ಕಚ್ಚಬೇಕು ಅನಿಸಿತು. ಅವನು ಅಲ್ಲಿ ನಿಂತ ರೀತಿಗೆ ಅವನ ಮೇಲೆ ಕರುಳೂ ಬಂತು. ಎರಡೂ ಒಮ್ಮೆಗೆ ಬರಬಹುದೆಂದು ನನಗೆ ಯಾರೂ ಹೇಳಿರಲಿಲ್ಲ.

ದೊಡ್ಡಪ್ಪ ತಲೆ ತಗ್ಗಿಸಿ, ‘ತಮ್ಮಾ, ಹೆಂಗಸರ ಮುಂದ ಮಾನ ಕಳಕೋಬ್ಯಾಡ’ ಎಂದ.

‘ಮಾನ ಅವತ್ತs ಹೋಗೇತಣ್ಣಾ. ಹೇಳಿದ್ದು ಇವತ್ತು, ಅಷ್ಟs.’ ಆಮೇಲೆ ಭಾವನ ಕಡೆ ತಿರುಗಿದ. ‘ಅಳಿಯಾರ, ಈ ಮಾತು ಕೊಡಕ್ಕಿಂತ ಭಾರ ಐತಿ. ನೀವು ಕೊಡಾ ಹೊತ್ರಿ. ಇದನ್ನ ಹೊರವಲ್ರಿ. ಮಗಳನ್ನ ಕಳಸೂದಿಲ್ಲ.’

ಭಾವನ ನಗು ಹೋಗಲಿಲ್ಲ. ಅಂಗಿಯ ತೋಳು ಬಿಚ್ಚಿ ಇಳಿಸಿ ಗುಂಡಿ ಹಾಕಿಕೊಂಡ. ‘ಮಾವಾರ, ನಿಮ್ಮದು ಸಿಟ್ಟು. ನಂದು ತಿದ್ದೂದು. ಎರಡೂ ಒಂದs ಅಲ್ರಿ.’ ಚಪ್ಪಲಿ ಮೆಟ್ಟಿಕೊಂಡು ಬಾಗಿಲಲ್ಲಿ ನಿಂತು, ಅಕ್ಕನನ್ನು ಅಂದು ಮೊದಲ ಸಲ ನೇರವಾಗಿ ನೋಡಿದ. ‘ಅಕಿ ಬರೂ ತನಕಾ ನಾ ಬರತಿರತೇನಿ.’

ಬಂದ. ಆಡಿದ ಮಾತಿಗೆ ತಪ್ಪುವವನಲ್ಲ ಅವನು.

ಶನಿವಾರ ಮುಂಜಾನೆಯ ಸಾಲೆ. ಅದು ಬಿಟ್ಟೊಡನೆ ಬಸ್ಸು ಹತ್ತಿ, ರೋಣದ ಮೇಲೆ ಹಾದು, ಮೂರು ಗಂಟೆಯ ಹೊತ್ತಿಗೆ ನಮ್ಮ ಓಣಿಗೆ ಬರುತ್ತಿದ್ದ. ನಮ್ಮ ಬಾಗಿಲಿಗೆ ಬರುತ್ತಿರಲಿಲ್ಲ. ಎದುರಿನ ಮನೆಯ ಕಟ್ಟೆಯ ಮೇಲೆ ಕೂರುತ್ತಿದ್ದ, ಮಡಿಲಲ್ಲಿ ಸಾಲೆಯ ಹುಡುಗರ ಕಾಪಿ ಪುಸ್ತಕ, ಕೈಯಲ್ಲಿ ಕೆಂಪು ಪೆನ್ಸಿಲು. ಒಂದು ಪುಸ್ತಕ ತಿದ್ದುತ್ತಿದ್ದ, ತಲೆಯೆತ್ತಿ ನಮ್ಮ ಬಾಗಿಲು ನೋಡುತ್ತಿದ್ದ. ಇನ್ನೊಂದು ತಿದ್ದುತ್ತಿದ್ದ, ಮತ್ತೆ ನೋಡುತ್ತಿದ್ದ. ಕೊನೆಯ ಬಸ್ಸಿಗೆ ಎದ್ದು ಹೋಗುತ್ತಿದ್ದ. ಓಣಿಯವರಿಗೆ ಅವನ ಮೇಲೆ ಮರುಕ. ಎಂಥ ತಾಳ್ಮೆ ನೋಡ್ರಿ ಎನ್ನುತ್ತಿದ್ದರು. ಕಟ್ಟೆಯ ಮನೆಯವರು ಅವನಿಗೆ ಚಹಾ ಕೊಡುತ್ತಿದ್ದರು, ಅರ್ಧ ಕಪ್ಪು.

ದೊಡ್ಡಪ್ಪ ನಮ್ಮನ್ನು ಕರ್ತನ ಭೋಜನದಿಂದ ಹೊರಗಿಟ್ಟ. ಬೇರೆಯವರು ರೊಟ್ಟಿ, ದ್ರಾಕ್ಷಾರಸ ತೆಗೆದುಕೊಳ್ಳುವಾಗ ಅಪ್ಪ, ಅವ್ವ, ಅಕ್ಕ ಹಿಂದಿನ ಗೋಡೆಗೆ ಒರಗಿ ಕೂತಿರಬೇಕು. ಅಯ್ಯನವರು ಒಳ್ಳೆಯವರು. ಒಳ್ಳೆಯವರಾಗಿದ್ದೂ ಸುಮ್ಮನಿದ್ದರು. ಆರಾಧನೆಯ ನಂತರ ನಮ್ಮ ಮನೆಗೆ ಬಂದು ಚಹಾ ಕುಡಿದು ಹೋಗುತ್ತಿದ್ದರು, ಹಿತ್ತಲ ಬಾಗಿಲಿನಿಂದ.

ಮಗ್ಗದ ಕುಣಿಯಲ್ಲಿ ಕೂತರೆ ಬೀದಿ ಕಾಣುವುದಿಲ್ಲ. ಅದಕ್ಕೆ ಅಪ್ಪ ಶನಿವಾರ ಮಧ್ಯಾಹ್ನ ಮಗ್ಗ ನಿಲ್ಲಿಸುತ್ತಿದ್ದ. ಅವ್ವನ ರಾಟೆಯನ್ನು ಹೊಸ್ತಿಲಿಗೆ ತಂದಿಟ್ಟುಕೊಂಡು ಲಾಳಿಯ ಕಂಡಿಕೆಗೆ ನೂಲು ಸುತ್ತುತ್ತಾ ಕೂರುತ್ತಿದ್ದ. ನೇಕಾರರಲ್ಲಿ ಕಂಡಿಕೆ ಸುತ್ತುವುದು ಹೆಂಗಸರ, ಮಕ್ಕಳ ಕೆಲಸ. ಗಂಡಸು ಬೀದಿಗೆ ಮುಖ ಮಾಡಿ ರಾಟೆ ತಿರುಗಿಸುವುದನ್ನು ಓಣಿ ನೋಡಿರಲಿಲ್ಲ. ಹೋಗುವವರು ಬರುವವರು ನಿಂತು, ಬಳೆ ಯಾವಾಗ ಇಡಿಸಿಕೊಳ್ಳುತ್ತಿ ಎಂದು ಕೇಳುತ್ತಿದ್ದರು. ‘ಅಳತಿ ಕೊಡ್ತೇನಿ, ತೊಗೊಂಡ ಬಾ’ ಎನ್ನುತ್ತಿದ್ದ ಅಪ್ಪ, ಎದುರಿನ ಕಟ್ಟೆಯಿಂದ ಕಣ್ಣು ತೆಗೆಯದೆ. ನಡುವೆ ಹತ್ತು ಮಾರು ಬೀದಿ. ಈ ಕಡೆ ಒಬ್ಬ ಗಂಡಸು ನೂಲು ಸುತ್ತುತ್ತಿದ್ದ, ಆ ಕಡೆ ಒಬ್ಬ ಗಂಡಸು ಕೆಂಪು ಗೆರೆ ಎಳೆಯುತ್ತಿದ್ದ. ಒಳಗಿನ ಕೋಣೆಯಲ್ಲಿ ಅಕ್ಕ ರಾಟೆಯ ಸಪ್ಪಳಕ್ಕೆ ಕಿವಿಗೊಟ್ಟು ಕೂರುತ್ತಿದ್ದಳು. ಅದು ನಿಂತರೆ ಅವಳು ಎದ್ದು ನಿಲ್ಲುತ್ತಿದ್ದಳು.

ಒಂದು ವರ್ಷದ ಮೇಲಾಯಿತು. ಬೇಸಿಗೆ ಹೋಯಿತು, ಮಳೆ ಹೋಯಿತು. ಒಂದು ಶನಿವಾರವೂ ತಪ್ಪಲಿಲ್ಲ.

ಜೋಳ ಬಿತ್ತುವ ದಿನಗಳಲ್ಲಿ ಒಂದು ಶನಿವಾರ, ಮೂರು ಗಂಟೆಯ ಬಸ್ಸು ಬಂದ ಸಪ್ಪಳ ಕೇಳಿತು, ಕಟ್ಟೆ ಖಾಲಿಯೇ ಉಳಿಯಿತು. ನಾಲ್ಕಾಯಿತು. ಅಪ್ಪ ನನ್ನನ್ನು ಬಸ್ಸು ನಿಲ್ಲುವ ಜಾಗಕ್ಕೆ ಓಡಿಸಿದ. ಅಲ್ಲಿ ನರೇಗಲ್ಲಿಗೆ ಹೋಗುವ ಇಬ್ಬರು ಮುದುಕರಿದ್ದರು, ಬಿಳಿ ಅಂಗಿ ಎಲ್ಲೂ ಇರಲಿಲ್ಲ. ಬರಲಿಲ್ಲ ಎಂದು ಕುಣಿಯುತ್ತಾ ಬಂದು ಹೇಳಿದೆ. ಯಾರೂ ಕುಣಿಯಲಿಲ್ಲ. ಅವ್ವ ಹೋಗಿ ಹಿತ್ತಲ ಬಾಗಿಲಿಗೆ ಅಗಳಿ ಹಾಕಿ, ಅದಕ್ಕೆ ಅಡ್ಡಲಾಗಿ ಒನಕೆ ನಿಲ್ಲಿಸಿದಳು. ಆಗ ನನಗೂ ಅರ್ಥವಾಯಿತು. ಇಷ್ಟು ದಿನ ಶನಿವಾರ ಅವನು ಎಲ್ಲಿದ್ದಾನೆಂದು ನಮಗೆ ಗೊತ್ತಿರುತ್ತಿತ್ತು.

ಒಳಗಿನ ಕೋಣೆಯ ಬಾಗಿಲು ತೆರೆಯಿತು. ಅಕ್ಕ ನೆರೆಮನೆಯಿಂದ ಎರವಲು ತಂದಿದ್ದ ಇನ್ನೊಂದು ರಾಟೆಯನ್ನು ಹೊತ್ತುಕೊಂಡು ಹೊರಗೆ ಬಂದಳು. ಹೊಸ್ತಿಲಲ್ಲಿ ಅಪ್ಪನ ಪಕ್ಕದಲ್ಲಿ ಇಟ್ಟು ಕೂತಳು. ಒಳಗೆ ಹೋಗು ಎಂದು ಅಪ್ಪ ಮೆಲ್ಲಗೆ ಹೇಳಿದ.

‘ಇಲ್ಲಪ್ಪಾ. ಅಂವಾ ಯಾವ ದಾರೀಲೆ ಬಂದ್ರೂ ಮೊದಲ ನಾ ನೋಡಬೇಕು.’

ಅಪ್ಪ ಸ್ವಲ್ಪ ಸರಿದು ಜಾಗ ಮಾಡಿಕೊಟ್ಟ. ಅವನು ರೋಣದ ದಾರಿಗೆ ಮುಖ ಮಾಡಿದ, ಅವಳು ಬೆಟ್ಟದ ಕಡೆಯ ದಾರಿಗೆ. ಕೊನೆಯ ಬಸ್ಸು ಹೋದ ಮೇಲೂ ಇಬ್ಬರೂ ಏಳಲಿಲ್ಲ.